ನನ್ನ ಕೂಗು, ನಬಾವಿಯಾಳ ಬೈಗುಳ

ಹಾಡುಗಳಿಗೆ ಪರವಾನಗಿ ಕೊಡುವ ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ಗಂಟಲಿನಿಂದ ನಾನೇ ಕೂಗಿದ್ದಕ್ಕೆ ತಾವು ನನಗೆ ನೋಟಿಸು ಕಳಿಸಿದ್ದೀರಿ. "ನೋಂದಾಯಿತ ಗೀತೆಯ ಭಾಗವನ್ನು ಪರವಾನಗಿಯಿಲ್ಲದೆ ಸಾರ್ವಜನಿಕವಾಗಿ ಹಾಡಿದ" ಅಪರಾಧವಂತೆ. ಕೈರೋದ ಇಂಬಾಬಾ ಗಲ್ಲಿಗಳಲ್ಲಿ ಮೂವತ್ತೆಂಟು ವರ್ಷದಿಂದ ಕತ್ತೆಗಾಡಿ ಹೊಡೆದುಕೊಂಡು "ಹಳೇ ಫ್ಯಾನೂ, ಹಳೇ ಫ್ರಿಜ್ಜೂ, ಹಳೇ ಸಾಮಾನೂ..." ಎಂದು ಕೂಗುವ ಗುಜರಿಯವನು ನಾನು. ಜೊತೆಗೆ ನನ್ನ ಕತ್ತೆಯೂ ಅರಚುತ್ತದೆ. ಅದಕ್ಕೆ ನೋಟಿಸು ಬಂದಿಲ್ಲ, ಅದರ ಪುಣ್ಯ.

ನಡೆದದ್ದಿಷ್ಟು. ಮದುವೆಗಳಲ್ಲಿ ಹಾಡು ಹಾಕುವ ಪಕ್ಕದ ಗಲ್ಲಿಯ ಸಿಮ್ಸಿಮ್ ಮೂರು ವರ್ಷದ ಹಿಂದೆ ನಮ್ಮ ಮನೆಯತ್ತ ತೆರೆಯುವ ತನ್ನ ಕಿಟಕಿಯಿಂದಲೇ ನನ್ನ ಕೂಗನ್ನು ಫೋನಿನಲ್ಲಿ ಹಿಡಿದಿದ್ದ. ಈ ವರ್ಷ ಅದಕ್ಕೆ ಡಬಡಬ ತಾಳ ಸೇರಿಸಿ, ಹಾಡೆಂದು ತಮ್ಮಲ್ಲಿ ನೋಂದಾಯಿಸಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಈಗ ನಾನು ಕೂಗಿದರೆ ಜನ ಹಳೇ ಸಾಮಾನು ತರುವುದಿಲ್ಲ, ಬಾಲ್ಕನಿಗೆ ಬಂದು ಕುಣಿಯುತ್ತಾರೆ. ಕದ್ದವನು ಕಲಾವಿದ, ಕಳಕೊಂಡವನು ಅಪರಾಧಿ! ಇದು ಯಾವ ಸೀಮೆಯ ನ್ಯಾಯ ಸ್ವಾಮಿ?

ಚಪ್ಪಲಿ ಕೈಯಲ್ಲಿ ಹಿಡಿದೇ ಅವನ ಮನೆಗೆ ಹೋದೆ.

"ಲೋ, ನನ್ನ ಗಂಟಲೇನು ನಿಮ್ಮಪ್ಪನ ಆಸ್ತೀನಾ?"

"ಚಿಕ್ಕಪ್ಪಾ, ಮೊದ್ಲು ಪೂರ್ತಿ ಕೇಳಿ, ಆಮೇಲೆ ಬೇಕಾದ್ರೆ ಹೊಡೀರಿ" ಎಂದು ಹಾಡು ಹಾಕಿದ.

ನನ್ನ ಕೂಗು ಮುಗಿದ ಕೂಡಲೇ, ಹಾಡಿನೊಳಗೇ, ಮಹಡಿಯಿಂದ ಒಂದು ಹೆಣ್ಣು ದನಿ: "ಸಾಕು ಅರಚಿದ್ದು, ಕತ್ತೆಗೂ ನಾಚ್ಕೆ ಆಗ್ತಿದೆ! ಬೇಗ ಹತ್ತಿ ಬಾ, ಬೇಯ್ಸಿಟ್ಟ ಫೂಲ್ ಕಾಳು ಆರಿಹೋಗ್ತಿದೆ!"

ನನ್ನ ಹೆಂಡತಿ ನಬಾವಿಯಾ. ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ನನ್ನ ಬಳಿ ಅವಳ ಫೋಟೋ ಎರಡಿವೆ, ದನಿ ಇರಲಿಲ್ಲ. ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡೆ. ಹಾಡನ್ನು ಏಳು ಸಲ ಹಾಕಿಸಿದೆ. ಸಿಮ್ಸಿಮ್‌ನ ತಾಯಿ ಚಹಾ ತಂದಿಟ್ಟಳು, ಅದು ಆರಿಹೋಯಿತು.

ಕೇಳದೆ ತೆಗೆದುಕೊಂಡದ್ದು ತಪ್ಪೆಂದು ಅವನ ಮುಖಕ್ಕೇ ಹೇಳಿದೆ, ಅವನೂ ಒಪ್ಪಿದ. ನಮ್ಮಿಬ್ಬರ ಜಗಳ ಅಲ್ಲಿಗೆ ಮುಗಿದಿತ್ತು. ಆಗ ತಮ್ಮ ಸವಾರಿ ಬಂತು. "ಗುರುತಿಲ್ಲದ ಮಹಿಳೆಯ ದನಿಗೆ ಒಪ್ಪಿಗೆಪತ್ರ ಇಲ್ಲವಾದ್ದರಿಂದ ಅಳಿಸತಕ್ಕದ್ದು" ಎಂದು ಬರೆದು, ಅವಳ ದನಿಯಿದ್ದ ಅವನ ಫೋನನ್ನೂ ಕಂಪ್ಯೂಟರನ್ನೂ ತಮ್ಮ ಕಚೇರಿಯ ಕಪಾಟಿಗೆ ಸೇರಿಸಿದಿರಿ. ಬದುಕಿರುವ ನನ್ನ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ, ಗೋರಿಯಲ್ಲಿರುವವಳ ಸಹಿ ಬೇಕಾಯಿತೇ?

ಗುರುತು ತಾನೇ? ಬರೆದುಕೊಳ್ಳಿ. ಹೆಸರು ನಬಾವಿಯಾ. ಉದ್ಯೋಗ, ನನ್ನನ್ನು ಊಟಕ್ಕೆ ಕರೆಯುವುದು. ಒಪ್ಪಿಗೆಯ ವಿಷಯ ಹೇಳುವುದಾದರೆ, ಅವಳು ಜನ್ಮದಲ್ಲಿ ಪಿಸುಗುಟ್ಟಿದವಳಲ್ಲ, ಬೀದಿಗೆಲ್ಲ ಕೇಳಲೆಂದೇ ಬೈದವಳು. ನನ್ನ ಕೂಗು ಸಿಮ್ಸಿಮ್‌ಗೇ ಇರಲಿ. ನನ್ನ ಅಪರಾಧಕ್ಕೆ ಬೇಕಾದರೆ ಕತ್ತೆಯನ್ನು ತಮ್ಮ ಕಚೇರಿಯ ಬಾಗಿಲಿಗೆ ಕಟ್ಟಿಕೊಳ್ಳಿ. ಅವಳ ದನಿಯನ್ನು ಮಾತ್ರ ಅಳಿಸಬೇಡಿ, ಕಪಾಟಿನಿಂದ ತೆಗೆದು ಕೊಡಿ.

ಇಂತಿ,
ಕೂಗಿ ಮುಗಿಸಿ ಈಗಲೂ ಮಹಡಿಯತ್ತ ನೋಡುವ
ಗುಜರಿ ಬಯೂಮಿ