ಇಲಿಯ ಬಾಗಿಲು ತೆರೆದವರು ಯಾರು

ಕ್ರಿ.ಶ. ೨೧೯೧, ಶ್ರಾವಣದ ಮೂವತ್ಮೂರನೇ ದಿನ

ಸಾವಂತ್ರವ್ವಾ, ನಿನ್ನ ಕೈಗೆ ಸುಮ್ಮನಿರಲು ಬರುವುದಿಲ್ಲವೇ? ಇಲಿ ನೋಡಲು ಕೂರಿಸಿದರೆ ನೋಡಬೇಕು, ಅಷ್ಟೇ. ನೀನು ನನ್ನ ಮುತ್ತಜ್ಜಿಯ ಅಜ್ಜಿ, ನಿಜ. ಆದರೆ ಈ ಕಾಗದ ಮುಟ್ಟುವಾಗ ನಿನಗೆ ಇಪ್ಪತ್ತಾರು, ನನಗೆ ಎಪ್ಪತ್ತೊಂದು. ಅದಕ್ಕೇ ಏಕವಚನದಲ್ಲಿ ಬೈಯುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ನಮ್ಮ ತಿಂಗಳು ನಲವತ್ತು ದಿನದ್ದು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಟಪಾಲು ತಿಂಗಳಿಗೊಮ್ಮೆ ಹೊರಡುತ್ತದೆ, ಈ ಸಲದ್ದು ಇವತ್ತು; ನಿನ್ನ ಉತ್ತರವನ್ನೂ ಅದೇ ಎರಡು ದಿನದಲ್ಲಿ ತರುತ್ತದೆ.

ನೀನು ಕೆಲಸಕ್ಕಿದ್ದ ಔಷಧಿ ಕಾರ್ಖಾನೆಯ ದಾಖಲೆ ವಹಿ ನನ್ನ ಮುಂದಿದೆ. ಇಲಿಯ ಗೂಡಿನಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಕಾಳು ಬೀಳುತ್ತದೆ. ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಜೊತೆಯ ಇಲಿ ಸಿಗುತ್ತದೆ. ನೋವಿದ್ದ ಇಲಿ ಎರಡನ್ನೂ ಬಿಟ್ಟು ಮುದುಡಿ ಕೂತಿತು, ನೋವಿನ ಮದ್ದು ಕೊಟ್ಟ ಮೇಲೆ ಎರಡನ್ನೂ ಒತ್ತಿತು ಎಂದು ನೀನು ಬರೆದಿದ್ದೀಯ. ಅದನ್ನೇ ನಂಬಿ ಆ ಮದ್ದಿನಿಂದ ತಂಪುಪಟ್ಟಿ ಮಾಡಿದರು. ತೋಳಿಗೆ ಒಮ್ಮೆ ಅಂಟಿಸಿದರೆ ಚರ್ಮದೊಳಗೆ ಕರಗುತ್ತದೆ, ಸಾಯುವವರೆಗೂ ನೋವಿಲ್ಲ, ತೆಗೆಯಲಿಕ್ಕೂ ಬರುವುದಿಲ್ಲ.

ನಮ್ಮ ಓಣಿಯಲ್ಲಿ ಈಗ ಯಾರೂ ನರಳುವುದಿಲ್ಲ. ಗಡದ್ದಾಗಿ ಉಣ್ಣುತ್ತಾರೆ, ಒಬ್ಬೊಬ್ಬರು ಒಂದೊಂದು ಗೋಡೆಗೆ ಮುಖ ಮಾಡಿ. ತಾಯಂದಿರು ಕೂಸಿಗೆ ಹಾಲು ಕುಡಿಸಿ ಕೆಳಗಿಟ್ಟು ಎದ್ದು ಹೋಗುತ್ತಾರೆ. ಎದುರುಮನೆ ಪಾರಿಯನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವಳು ಗೋಡೆ ನೋಡುತ್ತ ರೊಟ್ಟಿ ಮುರಿಯುತ್ತಲೇ ಇದ್ದಳು. ದೊಡ್ಡವರಲ್ಲಿ ಪಟ್ಟಿ ಹಾಕಿಸಿಕೊಳ್ಳದವಳು ನಾನೊಬ್ಬಳೇ. ಮಂಡಿ ನೋಯುತ್ತದೆ, ನೋಯಲಿ.

ನಮ್ಮ ಮನೆಯಲ್ಲಿ ನಿನ್ನನ್ನು ಹೊಗಳುವ ಮಾತೊಂದಿದೆ: "ಸಾವಂತ್ರವ್ವ ಇಲಿಗೂ ಮರುಗ್ತಿದ್ಲು. ಪಾಪ, ಒಂದs ಕುಂತೈತಿ ಅಂತ ತಾನs ಬಾಗ್ಲಾ ತೆಗೀತಿದ್ಲು." ವಹಿ ಓದಿದ ಮೇಲೆ ಆ ಮಾತು ನೆನಪಾಯಿತು: ಹಾಗಾದರೆ ಮದ್ದು ಬಿದ್ದ ಮೇಲೆ ಇಲಿಗೆ ಜೊತೆ ಬೇಕಿರಲೇ ಇಲ್ಲವೇನೋ? ಪಟ್ಟಿ ಹಾಕುವ ಡಾಕ್ಟರಮ್ಮನಿಗೆ ಹೇಳಿದರೆ, "ವಹಿಯೊಳಗ ಇಲಿ ಒತ್ತೇತಿ ಅಂತ ಐತಿ, ನಿಮ್ಮ ಮನಿ ಕತಿ ಯಾರಿಗೆ ಬೇಕು, ಅಜ್ಜಿ?" ಎನ್ನುತ್ತಾಳೆ.

ನನ್ನ ಮೊಮ್ಮಗಳು ತುಂಗಿಗೆ ಒಂಬತ್ತು ವರ್ಷ. ಕಾಲಿನ ಎಲುಬಿಗೆ ರೋಗ ಹತ್ತಿದೆ. ಅನ್ನ ಮುಟ್ಟುವುದಿಲ್ಲ, ಚೀರುತ್ತಾಳೆ. ಚೀರುತ್ತಲೇ, "ಅಜ್ಜೀ, ಬಾಜೂಕ ಬಾ," ಎಂದು ಕೈ ಚಾಚುತ್ತಾಳೆ. ಬರುವ ತಿಂಗಳ ಮೊದಲ ದಿನ ಅವಳಿಗೆ ಪಟ್ಟಿ ಹಾಕುತ್ತಾರೆ. ಅವಳನ್ನು ಸಾಕುವವಳು ನಾನು, ಒಪ್ಪಿಗೆಯ ಸಹಿ ನನ್ನದಾಗಬೇಕು. ಆ ಚೀರಾಟ ಕೇಳಲಾರೆ. ಆ ಕೈ ಮತ್ತೆ ಚಾಚದಿದ್ದರೆ ಬದುಕಲಾರೆ.

ಇಲಿ ತಾನೇ ಒತ್ತಿದ್ದರೆ ಈಗಲೇ ಸಹಿ ಹಾಕುತ್ತೇನೆ. ನೀನು ತೆಗೆದಿದ್ದರೆ ಒಪ್ಪಿಕೊ, ನಾನೂ ತೆಗೆಯುತ್ತಿದ್ದೆನೇನೋ. ಏಳು ದಿನ ಉಳಿದಿವೆ. ಇಲಿಯೋ ನೀನೋ, ತಿಂಗಳು ಹುಟ್ಟುವುದರೊಳಗೆ ಬರೆ.