ಐವತ್ತನೆಯ ಹೆಸರು

ತಾರೀಕು 3, ಸಂಜೆ ಆರು

ಆಫೀಸಿಗೆ ಹನ್ನೊಂದು ಜಿಲ್ಲೆಗಳ ಪಟ್ಟಿ ಬಂತು. ಕೆಲಸದಿಂದ ತೆಗೆದವರ ತಿಂಗಳ ಲೆಕ್ಕ. ಉತ್ತರದ ಬಟ್ಟೆ ಗಿರಣಿಗಳಲ್ಲಿ ಏರಿದೆ, ಬಂದರಿನ ಕಡೆ ಇಳಿದಿದೆ. ಒಂದೇ ಕಡೆ ಐವತ್ತು ಮಂದಿ ಹೋದರೆ ಮಾತ್ರ ನಮ್ಮ ಕೋಷ್ಟಕಕ್ಕೆ ಸೇರುತ್ತದೆ. ಸೇರಿದರೆ ಆರು ತಿಂಗಳು ಸರ್ಕಾರದ ಭತ್ಯೆ. ನಲವತ್ತೊಂಬತ್ತಾದರೆ ಇಲ್ಲ... ಅವರವರ ಹಣೆಬರಹ.

ಇವರು ತೀರಿಹೋಗಿ ಇಂದಿಗೆ ನಾಲ್ಕು ತಿಂಗಳು. ಬೆಳಿಗ್ಗೆ ಎರಡು ಊಟದ ಡಬ್ಬಿ ತೊಳೆದಿಟ್ಟೆ. ಒಂದನ್ನು ಮತ್ತೆ ಒಳಗಿಟ್ಟೆ.

ತಾರೀಕು 5, ಮಧ್ಯಾಹ್ನ, ಆಫೀಸಿನಲ್ಲೇ

ಟೈಲ್ಸ್ ಕಾರ್ಖಾನೆಯ ಪಟ್ಟಿ. ಇವರು ಹದಿನೆಂಟು ವರ್ಷ ಭಟ್ಟಿಯ ಮುಂದೆ ನಿಂತ ಕಾರ್ಖಾನೆ. ಅಲ್ಲೇ ದುಡಿಯುತ್ತಿದ್ದ ನನ್ನ ತಮ್ಮನ ಹೆಸರಿದೆ, ಒಂಬತ್ತನೆಯದು. ಅದು ಗೊತ್ತಿತ್ತು. ಕೊನೆಯ ಹಾಳೆ ತಿರುಗಿಸಿದೆ — ಇವರ ಹೆಸರು. ಕಾರಣ: ದೀರ್ಘ ಗೈರುಹಾಜರಿ.

ಹಾಜರಿ ಪುಸ್ತಕದಿಂದ ತೆಗೆದೇ ಇಲ್ಲ. ಅಂದು ಸಂತಾಪ ಪತ್ರಕ್ಕೆ ಸಹಿ ಹಾಕಿದ ಮ್ಯಾನೇಜರೇ ಇದಕ್ಕೂ ಸಹಿ ಹಾಕಿದ್ದಾನೆ.

ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ, ಮೃತರು. ಸಹಿ, ದಿನಾಂಕ. ಸತ್ತವರನ್ನು ಇನ್ನೊಮ್ಮೆ ಹೊರಗೆ ಹಾಕಲು ಬಿಡುವುದಿಲ್ಲ.

ತಾರೀಕು 6, ಬೆಳಿಗ್ಗೆ ಹತ್ತೂವರೆ

ಕೋಷ್ಟಕದ ಟೈಲ್ಸ್ ಸಾಲಿನಲ್ಲಿ ಸೊನ್ನೆ. ಪಟ್ಟಿ ತೆಗೆದು ಎಣಿಸಿದೆ. ಮತ್ತೆ ಎಣಿಸಿದೆ. ಐವತ್ತಿತ್ತು, ಈಗ ನಲವತ್ತೊಂಬತ್ತು. ಐವತ್ತನೆಯವರು ಇವರು.

ಸಾಹೇಬರ ಮುಂದೆ ನಿಂತೆ. ಗೆರೆ ಅಳಿಸಬಹುದೇ ಎಂದು ಕೇಳಿದೆ, ತಮ್ಮನ ವಿಷಯವನ್ನೂ ಹೇಳಿದೆ. ಕನ್ನಡಕ ಒರೆಸಿಕೊಂಡರು.

"ಸತ್ತವರನ್ನ ಕರ್ಕೊಂಡು ಬಂದು ಐವತ್ತು ಮಾಡೋಕೆ ನಾನೇನು ಯಮನೇನಮ್ಮಾ? ನೀವು ಸುಮ್ನೆ ಬಿಟ್ಟಿದ್ರೆ ಯಾರೂ ನೋಡ್ತಿರಲಿಲ್ಲ. ಈಗ ನಿಮ್ಮ ಸಹಿ ಇದೆ."

ಆಮೇಲೆ ಟೀ ತರಿಸಿಕೊಟ್ಟರು. ದಕ್ಷಿಣ ವಿಭಾಗದಲ್ಲಿ ಈ ತಿಂಗಳು ಇಳಿಮುಖ, ಸಮಾಧಾನಕರ — ತಿಂಗಳ ವರದಿ ಹೇಳುತ್ತಾ ಹೋದರು. ಟೈಪ್ ಮಾಡುತ್ತಾ ಹೋದೆ.

ತಾರೀಕು 14, ಮಧ್ಯಾಹ್ನ ಮೂರು

ಎಂಟು ದಿನ ಈ ಪುಸ್ತಕ ತೆರೆಯಲಿಲ್ಲ.

ರಜೆ. ತಮ್ಮ ಊಟಕ್ಕೆ ಬಂದಿದ್ದ. ಭತ್ಯೆ ಇಲ್ಲವೆಂದು ಗೇಟಿಗೆ ನೋಟಿಸ್ ಅಂಟಿಸಿದ್ದಾರಂತೆ. ಮಗಳನ್ನು ಶಾಲೆಯಿಂದ ಬಿಡಿಸಿದನಂತೆ. ಎಂಟು ವರ್ಷದ ಹುಡುಗಿ, ಪುಸ್ತಕಗಳನ್ನೆಲ್ಲ ಕಟ್ಟಿ ಮೂಲೆಗಿಟ್ಟಳಂತೆ. ಒಂದೇ ಒಂದು ತಲೆ ಕಡಿಮೆಯಾಯಿತು ಎಂದು ಎಲ್ಲರ ಬಾಯಲ್ಲೂ ಅದೇ ಮಾತಂತೆ.

"ಭಾವ ಇದ್ದಿದ್ರೆ ಐವತ್ತಾಗ್ತಿತ್ತು, ಅಕ್ಕಾ. ಎಲ್ಲದಕ್ಕೂ ಅವಸರ ಅವ್ರಿಗೆ."

ನಕ್ಕ. ನಾನು ಬಡಿಸುತ್ತಿದ್ದೆ. ತಟ್ಟೆ ನೋಡಿಕೊಂಡೇ ಕೇಳಿದ.

"ಲಿಸ್ಟು ನಿಮ್ಮ ಆಫೀಸಿಗೇ ಬರತ್ತಲ್ಲ. ಯಾರು ನೋಡೋದು ಅದನ್ನ?"

"ಯಾರೋ ಒಬ್ರು."

"ಅವರ ಹೊಟ್ಟೆ ತಣ್ಣಗಿರಲಿ," ಅಂದ. ಇನ್ನೊಂದು ತುತ್ತು ತಿಂದು ತಟ್ಟೆ ಸರಿಸಿದ.

ಕೈ ತೊಳೆಯುವಾಗ ಹೇಳಿದ — ಪಟ್ಟಿ ತೋರಿಸಿ ಎಂದು ಅರ್ಜಿ ಕೊಟ್ಟಿದ್ದಾರಂತೆ, ಸಾಹೇಬರು ಒಪ್ಪಿದ್ದಾರಂತೆ.

ನಾಳೆ ಹನ್ನೊಂದಕ್ಕೆ ಮೂವರು ಬರುತ್ತಾರೆ. ತಮ್ಮನೂ ಒಬ್ಬ. ಫೈಲು ಆಫೀಸಿನಲ್ಲಿ ನನ್ನ ಮೇಜಿನ ಮೇಲಿದೆ.