ಎಲ್ಲರ ಹಾಡು ಕೇಳಲು ಬಂದವರು

ಯಾಯ್ಜು ಬಂದರು ಪಟ್ಟಣ
ನವೆಂಬರ್ ೧೮

ನನ್ನ ಮುದ್ದು ಶೂಗೊ,

ಹೇಗಿದ್ದೀಯ ಮಗಾ? ಟೋಕಿಯೊದಲ್ಲಿ ಚಳಿ ಶುರುವಾಗಿರಬೇಕು. ಹೊಟ್ಟೆಗೆ ಶೀತ ತಗಲಲು ಬಿಡಬೇಡ, ಅಂಗಿಯ ಒಳಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ನನ್ನ ಮೊಣಕಾಲು ಈಗಲೂ ನನ್ನ ಮಾತು ಕೇಳುವುದಿಲ್ಲ. ನಿಮ್ಮಪ್ಪನಂಥವನನ್ನು ಹೆತ್ತವಳಿಗೆ ಇದೇನೂ ಹೊಸದಲ್ಲ ಬಿಡು. ಆ ಕಾಲಿನಿಂದಾಗಿಯೇ ಅಂದು ನಿಮ್ಮಪ್ಪ ಮತ್ತು ಕೇರಿಯವರ ಜೊತೆ ನಿನ್ನ ಹಾಡು ಕೇಳಲು ಬರಲಾಗಲಿಲ್ಲ.

ನಿನ್ನ ಕಾರ್ಡು ಬಂತು. ನಿಮ್ಮಪ್ಪನ ಕಣ್ಣಿಗೆ ಬೀಳಿಸಿಲ್ಲ. ನೀನು ಹಾಡುತ್ತಿದ್ದ ಆ ನೆಲಮಾಳಿಗೆಯ ಸಂಗೀತದ ಮನೆಯವರು ಇನ್ನು ಬರಬೇಡ ಎಂದರಂತೆ. ಕೀಬೋರ್ಡ್ ಮಾರಿ, ಗೋದಾಮಿನ ಕೆಲಸಕ್ಕೆ ಸೇರಿದೆಯಂತೆ. ಕೊನೆಗೆ, "ಅಷ್ಟು ಜನರನ್ನು ಕರೆತಂದ ಅಪ್ಪ ಕೂಡ ಬಾಗಿಲಲ್ಲಿ ನನ್ನ ಹೆಸರು ಹೇಳಲಿಲ್ಲ" ಎಂದು ಬರೆದಿದ್ದೀಯ. ನನಗೆ ಇದರ ತಲೆಬುಡ ತಿಳಿಯದೆ ನಿನ್ನ ತಂಗಿ ಚಿನಾತ್ಸುವನ್ನು ಕೇಳಿದೆ. "ಅಜ್ಜೀ, ಅಲ್ಲಿ ಒಂದೇ ರಾತ್ರಿ ನಾಲ್ಕೈದು ಜನ ಹಾಡ್ತಾರೆ. ಬಾಗಿಲಲ್ಲಿ ಕೂತಿರೋ ಹುಡುಗಿ ಬಂದವರನ್ನೆಲ್ಲ ಕೇಳ್ತಾಳೆ, ಇವತ್ತು ಯಾರ ಹಾಡು ಕೇಳೋಕೆ ಬಂದ್ರಿ ಅಂತ. ಹೇಳಿದ ಹೆಸರಿನ ಮುಂದೆ ಗೀಟು ಹಾಕ್ತಾಳೆ. ಗೀಟೇ ಬೀಳದವರನ್ನ ಮತ್ತೆ ಕರೆಯಲ್ಲ" ಎಂದಳು.

ಇಲ್ಲಿ ಕಾಫಿ ಡಬ್ಬಿಯ ಮೇಲೂ ರೇಜಿಯ ಮುಖ ಬಂದಿದೆ. ನಿನ್ನ ಪಕ್ಕ ಕೂತು ನನ್ನ ಕೈಯ ಅನ್ನದುಂಡೆ ತಿಂದು ಹಾಡು ಕಲಿತ ಹುಡುಗ! ಮೀನು ಮಾರುಕಟ್ಟೆಯಲ್ಲಿ ಬೆಳಗಾದರೆ ಅವನದೇ ಹಾಡು. ಅದಕ್ಕೆ ರಾಗ ಕಟ್ಟಿ, ವಾದ್ಯ ಕೂಡಿಸಿ, ರೂಪ ಕೊಟ್ಟವನು ನೀನು ಎಂದು ಹೇಳಲು ನಿಮ್ಮಪ್ಪ ಬಾಯಿ ತೆರೆಯುತ್ತಾನೆ, ಹಾಗೇ ಮುಚ್ಚಿಕೊಳ್ಳುತ್ತಾನೆ. ಹೊರಗಿನವರ ಮುಂದೆ ಸ್ವಂತ ಮಗನನ್ನು ಹೊಗಳುವುದು ನಾಚಿಕೆಗೇಡು ಎಂದು ನಿನ್ನ ತಾತ ಕಲಿಸಿದ ಪಾಠ. ಮಂಜುಗಡ್ಡೆ ಅಂಗಡಿಯ ಸುಗಿಯಾಮ, "ಇಬ್ಬರೂ ಒಟ್ಟಿಗೇ ಹೊರಟೋರು. ಆ ರೇಜಿ ಎಲ್ಲಿ, ನಿನ್ನ ಮಗ ಎಲ್ಲಿ!" ಎಂದು ಚುಚ್ಚಿದರೂ ನಗುತ್ತಾನೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಆ ಕಾಫಿ ನಾನು ಮುಟ್ಟುವುದಿಲ್ಲ.

ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಜನ ಮರೆಯಬೇಕಾದರೂ ಮೊದಲು ಹೆಸರು ಗೊತ್ತಿರಬೇಕಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ತಾತನ ಪಟದ ಮುಂದೆ ದಿನಾ ನಿನ್ನ ಹೆಸರು ಹೇಳುತ್ತೇನೆ. ಅಲ್ಲಾದರೂ ಒಂದು ಗೀಟು ಬೀಳಲಿ.

ನಿನ್ನ ಅಜ್ಜಿ,
ಫುಸಾಯೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ನಿಮ್ಮಪ್ಪ ಅಂದು ಕೇರಿಯ ಹೆಂಗಸರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಬಂದದ್ದು ನಿನಗಾಗಿಯೇ. ಬಾಗಿಲಲ್ಲಿ ಆ ಹುಡುಗಿ ಕೇಳಿದಾಗ ಸೊಂಟ ಬಗ್ಗಿಸಿ, "ಎಲ್ಲಾರ ಹಾಡೂ ಕೇಳೋಕೆ ಬಂದಿದೀವಮ್ಮ" ಎಂದನಂತೆ. ಹಿಂದಿದ್ದವರೂ ಒಬ್ಬೊಬ್ಬರಾಗಿ ಬಗ್ಗಿ ಅದನ್ನೇ ಹೇಳಿದರಂತೆ. ಗೀಟಿನ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ, ಹೇಳಲು ನನಗೆ ಬಾಯಿ ಬರುತ್ತಿಲ್ಲ. "ಜೊತೆಗೆ ಹಾಡೋರ ಮುಂದೆ ನಮ್ಮ ಹುಡುಗ ತಲೆ ತಗ್ಗಿಸೋ ಹಾಗೆ ಮಾಡಲಿಲ್ಲ ಕಣಮ್ಮಾ" ಎಂದು ಈಗಲೂ ಬೀಗುತ್ತಾನೆ. ವಸಂತಕ್ಕೆ ನಿನ್ನ ಹಾಡು ಕೇಳಲು ಇನ್ನೂ ದೊಡ್ಡ ಬಸ್ಸು ಗೊತ್ತುಮಾಡಿದ್ದಾನೆ.